ದೊಡ್ಡ ಗಂಟೆಯ ಹಗ್ಗ

ಚರ್ಚಿನ ನಟ್ಟನಡುವೆ ನೆಲದಿಂದ ಚಾವಣಿಯವರೆಗೆ ಒಂದು ಗೋಡೆ. ಬಲಿಪೀಠದ ಕಡೆಯದು ಕ್ಯಾಥೊಲಿಕರಿಗೆ, ಉಳಿದದ್ದು ಪ್ರೊಟೆಸ್ಟೆಂಟರಿಗೆ. ಮುತ್ತಜ್ಜಂದಿರು ಕಿತ್ತಾಡಿ ಹಂಚಿಕೊಂಡದ್ದು. ಪುಣ್ಯಕ್ಕೆ ಗೋಪುರವನ್ನು ಸೀಳಲು ಯಾರಿಂದಲೂ ಆಗಲಿಲ್ಲ. ಅದರೊಳಗೆ ಎರಡು ಹಗ್ಗ ಇಳಿಬಿದ್ದಿದ್ದವು. ದೊಡ್ಡ ಗಂಟೆಯದು ಪ್ರೊಟೆಸ್ಟೆಂಟರದು, ಸಣ್ಣ ಗಂಟೆಯದು ಕ್ಯಾಥೊಲಿಕರದು. ಒಬ್ಬರ ಹಗ್ಗವನ್ನು ಇನ್ನೊಬ್ಬರು ಮುಟ್ಟಕೂಡದೆಂದು ಕರಾರು ಬೇರೆ.

ಸಣ್ಣ ಗಂಟೆಯ ಹಗ್ಗ ಇಪ್ಪತ್ತಾರು ವರ್ಷದಿಂದ ವಾಲ್ಬುರ್ಗಾಳ ಕೈಯಲ್ಲಿತ್ತು. ಅವಳಿಗೆ ಮದುವೆಯಾಗಿರಲಿಲ್ಲ, ಒಡಹುಟ್ಟಿದವರೂ ಇರಲಿಲ್ಲ. ಬೆಳಿಗ್ಗೆ ಚರ್ಚಿನ ಬಲಿಪೂಜೆಗೆ ಮೇಣದಬತ್ತಿ ಹಚ್ಚುವುದು, ಆಮೇಲೆ ಯಾರದೋ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕಟ್ಟುವುದು, ಅಷ್ಟೇ ಬದುಕು. ಶನಿವಾರ ಸಂಜೆ ಆರಕ್ಕೆ ಮಾತ್ರ, ಭಾನುವಾರವನ್ನು ಬರಮಾಡಿಕೊಳ್ಳಲು, ಎರಡು ಗಂಟೆಗಳನ್ನೂ ಕೂಡಿ ಬಾರಿಸಬೇಕು. ಮೊದಲು ದೊಡ್ಡದು, ಅದು ಹನ್ನೆರಡು ಸಲ ಬಡಿದ ಮೇಲೆ ಸಣ್ಣದು. ದೊಡ್ಡದನ್ನು ಎಳೆಯುತ್ತಿದ್ದವನು ಗೋಟ್‌ಫ್ರೀಡ್, ವೈನಿನ ಪೀಪಾಯಿ ಮಾಡುವವನು, ಹೆಂಡತಿ ಸತ್ತು ಒಂಟಿಯಾದವನು. ಆ ಹತ್ತು ನಿಮಿಷ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಆದರೂ ವಾರವಿಡೀ ಅವಳು ಕಾಯುತ್ತಿದ್ದದ್ದು ಅದಕ್ಕೇ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಿದ್ದರು?

ಬೇಸಿಗೆಯಲ್ಲಿ ಒಂದು ದಿನ ಗಂಟೆ ನಿಂತ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಕೇಳಿದ್ದ: "ಅಲ್ಲಮ್ಮಾ, ನಮ್ಮೋರು ಸತ್ತಾಗೆಲ್ಲ ನಾನೇ ಬಾರಿಸ್ದೆ. ನಾನು ಸತ್ರೆ ಯಾರು ಬಾರಿಸ್ತಾರೆ?"

"ನಿಮ್ಮ ಕಡೆಯೋರು ನೋಡ್ಕೋತಾರೆ. ನೀವು ಮೊದ್ಲು ಆ ಅಂಗಿಗೊಂದು ಗುಂಡಿ ಹೊಲ್ಕೊಳ್ಳಿ," ಎಂದು ಅವಳು ಅವನ ಬಾಯಿ ಮುಚ್ಚಿಸಿದ್ದಳು.

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಗೋಟ್‌ಫ್ರೀಡ್ ಪೀಪಾಯಿಗಳ ನಡುವೆಯೇ ಕುಸಿದು ಸತ್ತ. ಆ ಊರಿನಲ್ಲಿ ಸತ್ತ ದಿನವೇ ಹನ್ನೊಂದಕ್ಕೆ ಸಾವಿನ ಗಂಟೆಯಾಗಬೇಕು, ಗಂಡಸಿಗೆ ಮೂರು ಸುತ್ತು, ಹೆಂಗಸಿಗೆ ಎರಡು. ಗಂಟೆಯಾಗದಿದ್ದರೆ ಊರು ಅವನನ್ನು ಬೀಳ್ಕೊಟ್ಟಂತೆಯೇ ಅಲ್ಲ. ಆದರೆ ಅದು ಕೊಯ್ಲಿನ ಕೊನೆಯ ವಾರ, ಮಳೆ ತಲೆಯ ಮೇಲೆ ನಿಂತಿತ್ತು. ವಾಲ್ಬುರ್ಗಾ ಏದುಸಿರು ಬಿಡುತ್ತ ಗುಡ್ಡದ ತೋಟಕ್ಕೆ ಹತ್ತಿ, ಸತ್ತವನ ಅಣ್ಣನ ಮಗ ಹೈನರ್‌ನನ್ನು ಗಂಟೆ ಬಾರಿಸಲು ಬಾ ಎಂದು ಕೇಳಿದಳು. ತಮ್ಮ ಕಡೆಯ ಪಾದ್ರಿ ಪಕ್ಕದೂರಿನಿಂದ ನಾಳೆ ಬರುತ್ತಾರೆ, ಆಗ ನೋಡಿದರಾಯಿತು ಎಂದು ಅವನು ಕತ್ತರಿ ಕೆಳಗಿಡದೆಯೇ ಹೇಳಿದ.

"ದ್ರಾಕ್ಷಿ ಕೊಳೀತಾ ಇದೆ. ಸತ್ತೋರಿಗೆ ಎಲ್ಲಿಯ ಅವಸರ?"

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು, ಒಬ್ಬರೂ ತಲೆಯೆತ್ತಲಿಲ್ಲ. ಎಂಥ ಜನವಪ್ಪಾ! ಅವಳು ಗುಡ್ಡ ಇಳಿದು ಓಡಿದಳು.

ಗೋಪುರಕ್ಕೆ ಬಂದಾಗ ಹನ್ನೊಂದಕ್ಕೆ ಎರಡೇ ನಿಮಿಷವಿತ್ತು. ಸಣ್ಣ ಗಂಟೆ ಬಾರಿಸಿದರೆ ಯಾರೋ ಕ್ಯಾಥೊಲಿಕರು ಸತ್ತರೆಂದು ಊರು ತಿಳಿಯುತ್ತದೆ. ಹಾಳಾಗಿ ಹೋಗಲಿ ಕರಾರು ಎಂದುಕೊಂಡು ಅವಳು ದೊಡ್ಡ ಹಗ್ಗಕ್ಕೆ ಕೈಹಾಕಿದಳು. ಗಂಟೆ ಅವಳನ್ನೇ ನೆಲದಿಂದ ಮೇಲೆತ್ತಿತು. ಅಳುತ್ತಲೇ ಮೂರು ಸುತ್ತನ್ನೂ ಮುಗಿಸಿದಳು. ಅಂಗೈ ಸುಲಿದಿತ್ತು.

ಮರುದಿನ ಬಂದ ಪ್ರೊಟೆಸ್ಟೆಂಟರ ಪಾದ್ರಿ ಹಗ್ಗ ಮುಟ್ಟಿದವರು ಯಾರೆಂದು ವಿಚಾರಿಸಿದರು. ಅವಳು ಬಟ್ಟೆ ಕಟ್ಟಿದ್ದ ಅಂಗೈಯನ್ನು ತೋರಿಸಿದಳು. ಅವರು ಮತ್ತೆ ಆ ಮಾತೆತ್ತಲಿಲ್ಲ. ಶುಕ್ರವಾರ ಮಣ್ಣು ಮಾಡಿದರು.

ಶನಿವಾರ ಆರಕ್ಕೆ ಅವಳು ಎಂದಿನಂತೆ ಗೋಪುರಕ್ಕೆ ಹೋದಳು. ಅವನ ತೊಗಲಿನ ಕೈಗವಸು ಮೊಳೆಯಲ್ಲಿ ನೇತಾಡುತ್ತಿತ್ತು. ತನ್ನ ಹಗ್ಗ ಹಿಡಿದು ನಿಂತಳು. ಮೊದಲು ದೊಡ್ಡದಲ್ಲವೇ, ನಿಂತೇ ಇದ್ದಳು.

"ಶುರು ಮಾಡ್ರೀ, ಹೊತ್ತಾಯ್ತು," ಎಂದು ಕೈಗವಸಿಗೆ ಹೇಳಿದಳು.

ಆ ಸಂಜೆ ಊರಿನಲ್ಲಿ ಗಂಟೆಯಾಗಲಿಲ್ಲ.