ಕ್ಯಾಥೆಡ್ರಲ್ ಅಳಿಸುವ ಸಮಾರಂಭ

ಅಮೆರಿಕದ ಯೂನಿಯನ್ ಸಿಟಿಯ ಬಶೀರ್ ಒಂದು ಮಹಾ ಕ್ಯಾಥೆಡ್ರಲ್ ಕಟ್ಟಿದ್ದ. ಕಲ್ಲಿನದಲ್ಲ, ಕಂಪ್ಯೂಟರಿನೊಳಗಿನದು. ಅದರ ಮೂಲ ಇರುವುದು ಸ್ಕಾಟ್ಲೆಂಡಿನ ಕಡಲ ದಂಡೆಯ ಸೇಂಟ್ ಆಂಡ್ರೂಸ್ ಊರಿನಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಶುರುವಾದ ಕಟ್ಟಡ ಮುಗಿಯುವ ಹೊತ್ತಿಗೆ ಪಾಯ ಹಾಕಿದವರ ಮರಿಮಕ್ಕಳೂ ತೀರಿಕೊಂಡಿದ್ದರು. ಮುಂದೆ ಕ್ರೈಸ್ತ ಧರ್ಮಸುಧಾರಣೆಯ ಗಲಭೆಯಲ್ಲಿ ಜನ ಒಳಗೆ ನುಗ್ಗಿ ವಿಗ್ರಹ ಒಡೆದರು. ಆಮೇಲೆ ಊರವರು ಕಲ್ಲು ಹೊತ್ತೊಯ್ದು ಮನೆ ಕಟ್ಟಿಕೊಂಡರು. ಈಗ ಉಳಿದಿರುವುದು ತುದಿಯ ಗೋಪುರಗಳು, ಒಂದು ಬದಿಯ ಗೋಡೆ, ನಡುವೆ ಹುಲ್ಲು.

ಆ ಹಾಳು ಚರ್ಚನ್ನು ಪರದೆಯ ಮೇಲೆ ಇಡಿಯಾಗಿ ಎಬ್ಬಿಸಿ, ಗಿರಾಕಿಗಳನ್ನು ಕೂತಲ್ಲೇ ಸುತ್ತಿಸುತ್ತೇವೆಂದು ಹೊರಟ ಡಾಟ್‌ಕಾಮ್ ಕಂಪನಿಯ ಸ್ಥಾಪಕರು, ಬಶೀರನ ಬಾಸ್, ರಘೋತ್ತಮ. ಅಮೆರಿಕದಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯಬೇಕೆಂದು ಅವರೇ ಹೇಳಿದ್ದರು. ಬಶೀರ್ ‘ಸರ್’ ಎಂದರೆ ಮಾತ್ರ ತಿದ್ದುತ್ತಿರಲಿಲ್ಲ.

2001ರಲ್ಲಿ ಹಣ ಹಾಕಿದವರು ಕೈಯೆತ್ತಿದರು. ಮೌಂಟನ್ ವ್ಯೂ ಆಫೀಸಿನಲ್ಲಿ ಬಶೀರ್ ಒಬ್ಬನೇ ಉಳಿದ. ಬಾಡಿಗೆಯ ಸರ್ವರುಗಳನ್ನು ಅಳಿಸಿ ಹಿಂದಿರುಗಿಸುವುದು ಅವನ ಕೆಲಸ. ಅಳಿಸುವವರೆಗೆ ನೌಕರಿ, ನೌಕರಿ ಇರುವವರೆಗೆ ಮೆಡಿಕಲ್ ಇನ್ಶೂರೆನ್ಸ್. ಮನೆಯಲ್ಲಿ ಹೆಂಡತಿ ಕನೀಜ್‌ಗೆ ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು.

“ಎಷ್ಟೊತ್ತಿನ ಕೆಲಸ ಬಶೀರ್?” ರಘೋತ್ತಮ ಕೇಳಿದರು.

ನಿಜಕ್ಕೂ ಒಂದು ಮಧ್ಯಾಹ್ನದ್ದು. ಬಶೀರನಿಗೆ ಭಯವೂ ಆಗಲಿಲ್ಲ. ಲೇಆಫಿನ ಮೇಲೆ ಲೇಆಫು ನೋಡಿ ಒಳಗೆಲ್ಲ ಜೋಮು ಹಿಡಿದಂತಿತ್ತು. ಬಾಯಿ ತಾನಾಗಿ ಆಡಿತು.

“ಅಳಿಸೋದೇನು ದೊಡ್ಡದಲ್ಲ ಸರ್. ಇಂಥಾ ಕೆಲಸ ಯಾರೂ ನೋಡದೇ ಹೋಗ್ಬೇಕಾ ಅಂತ. ಒಂದು ಫಂಕ್ಷನ್ನು ಬೇಡ್ವಾ?”

ರಘೋತ್ತಮ ಕನ್ನಡಕ ತೆಗೆದು ಒರೆಸಿದರು. “ಚೀಫ್ ಗೆಸ್ಟು ಬೇಕಾಗತ್ತಲ್ಲಯ್ಯ.”

“ಬೇಕೇ ಬೇಕು ಸರ್.”

ಒಪ್ಪಿದವರು ಕನ್ನಡ ಸಂಘವೊಂದರ ಮಾಜಿ ಅಧ್ಯಕ್ಷ ವ್ಯಾಸರಾಜರು. ಮೊದಲು ಅವರಿಗೆ ಬಿಡುವಿರಲಿಲ್ಲ. ಬಿಡುವಾದಾಗ, ಆಹ್ವಾನಪತ್ರಿಕೆಯಲ್ಲಿ ‘ಮಾಜಿ’ ಅಂತ ಯಾಕೆ ಹಾಕಿದಿರಿ ಎಂದು ಮುನಿದರು. ಹೊಸದು ಅಚ್ಚಾಗುವಷ್ಟರಲ್ಲಿ, ಬೆಂಗಳೂರಿನಿಂದ ಶಾಲು ತರಬೇಕಾದ ನೆಂಟರು ಪ್ರಯಾಣ ಮುಂದೂಡಿದರು. ಬಶೀರ್ ದಿನವೂ ಆಫೀಸಿಗೆ ಹೋಗಿ, ಮೌಸ್ ಹಿಡಿದು ಖಾಲಿ ಕ್ಯಾಥೆಡ್ರಲಿನಲ್ಲಿ ಅಡ್ಡಾಡಿ ಬರುತ್ತಿದ್ದ.

“ಇವತ್ತೂ ಬೀಳಿಸ್ಲಿಲ್ವಾ?” ಕನೀಜ್ ಕೇಳಿದಳು.

“ಶಾಲು ಬಂದಿಲ್ಲ.”

“ಆ ಗಲಭೆ ಕಾಲದಲ್ಲಿ ನಿಮ್ಮ ಸರ್ ಇದ್ದಿದ್ರೆ ಆ ಊರಿನ ಚರ್ಚು ಇನ್ನೂ ನಿಂತಿರೋದು ಬಿಡಿ.”

ಒಂದು ಮಂಗಳವಾರ ಹೆಣ್ಣುಮಗು ಹುಟ್ಟಿತು, ಅರೀಬಾ. ಆಸ್ಪತ್ರೆಯ ಕೌಂಟರಿನಲ್ಲಿ ಇನ್ಶೂರೆನ್ಸ್ ಕಾರ್ಡು ನಡೆಯಿತು. ಈಗ ಖುಷಿ ಬರಬೇಕೆಂದು ಬಶೀರ್ ಕಾದ. ಬರಲಿಲ್ಲ. ಮಗುವಿನ ತಲೆಯ ಟೊಪ್ಪಿ ಸರಿಮಾಡಿದ.

ಮುಂದಿನ ಶನಿವಾರ ಸಮಾರಂಭ. ಪ್ರಾರ್ಥನೆ, ಸ್ವಾಗತ, ಶಾಲು. ರಘೋತ್ತಮ ಮಧ್ಯಯುಗದ ಬಿಷಪ್ಪರ ಸಾಲಿನಲ್ಲಿ ತಮ್ಮನ್ನೂ ನಿಲ್ಲಿಸಿಕೊಂಡು ಬಹಳ ಹೊತ್ತು ಮಾತಾಡಿದರು. ವ್ಯಾಸರಾಜರು ಗಂಭೀರವಾಗಿ ಕೀಬೋರ್ಡಿನ ಕೀಲಿ ಒತ್ತಿದರು, ಏನೂ ಆಗಲಿಲ್ಲ. ಬಶೀರ್ ಹೋಗಿ ಅವರ ಬೆರಳನ್ನು ಸರಿಯಾದ ಕೀಲಿಯ ಮೇಲಿಟ್ಟ. ಪರದೆ ಕಪ್ಪಾಯಿತು. ಬಂದಿದ್ದ ಹತ್ತಾರು ಜನ ಚಪ್ಪಾಳೆ ತಟ್ಟಿದರು.

“ವಂದನಾರ್ಪಣೆ ನಿಂದೇ ಕಣಯ್ಯ,” ರಘೋತ್ತಮ ಪಿಸುಗುಟ್ಟಿದರು.

ಬಶೀರ್ ಒಬ್ಬೊಬ್ಬರ ಹೆಸರೂ ಹೇಳಿ ವಂದಿಸಿದ. ಬರಲು ಅವಸರ ಮಾಡದಿದ್ದುದಕ್ಕೆ ವ್ಯಾಸರಾಜರಿಗೆ ವಿಶೇಷ ಕೃತಜ್ಞತೆ ಸಲ್ಲಿಸಿದ. ಅವರು ಶಾಲು ಸರಿಪಡಿಸಿಕೊಂಡು ತಲೆಯಾಡಿಸಿದರು. ಆಮೇಲೆ ಬಶೀರ್ ಆಫೀಸಿನ ಬೀಗದ ಕೈ ರಘೋತ್ತಮರಿಗೆ ಒಪ್ಪಿಸಿ, ಉಳಿದ ಉಪ್ಪಿಟ್ಟು ಕಟ್ಟಿಸಿಕೊಂಡು ಮನೆಗೆ ಹೋದ.