ಕ್ರೇನಿನಿಂದ ಕಾಣುವ ಅಂಗಳ

ನನ್ನ ತಂಗಿಯ ಗಂಡ ಕ್ರೇನ್ ಆಪರೇಟರ್. ಕಟ್ಟುತ್ತಿರುವ ಬಹುಮಹಡಿ ಕಟ್ಟಡಗಳ ಪಕ್ಕದಲ್ಲಿ ಎತ್ತರದ ಕ್ರೇನ್ ನಿಂತಿರುತ್ತದಲ್ಲ, ಅದರ ತುದಿಯ ಗಾಜಿನ ಕ್ಯಾಬಿನ್ನಿನಲ್ಲಿ ಅವನ ಕೆಲಸ. ಬೀದಿಯವರೆಲ್ಲ ಅವನನ್ನು ಆಕಾಶರಾಯ ಅಂತಲೇ ಕರೆಯುವುದು. ಬೆಳಿಗ್ಗೆ ಮಗಳು ಏಳುವ ಮೊದಲೇ ಹೊರಡುತ್ತಾನೆ, ರಾತ್ರಿ ಅವಳು ಮಲಗಿದ ಮೇಲೆ ಬರುತ್ತಾನೆ. ಜಾರಿದ ಹೊದಿಕೆ ಸರಿಮಾಡುವುದೊಂದೇ ಈ ಅಪ್ಪನ ಕೆಲಸ ಎಂದು ತಂಗಿ ಗೊಣಗುತ್ತಿರುತ್ತಾಳೆ.

ಮಗಳಿಗೆ ಮೂರು ತುಂಬಿದಾಗ ನರ್ಸರಿ ಹುಡುಕಲು ಹೊರಟೆವು. ತಂಗಿಗೆ ಔಷಧಿ ಅಂಗಡಿಯಲ್ಲಿ ರಜೆ ಸಿಗಲಿಲ್ಲ, ಅವನ ಜೊತೆ ನಾನು ಹೋದೆ. ಮೊದಲನೆಯದು ಮನೆಗೆ ಹತ್ತಿರ. ಗೋಡೆ ತುಂಬ ಚಿತ್ರ, ಕುಳ್ಳ ಕುಳ್ಳ ಕುರ್ಚಿಗಳು, ಮಗುವನ್ನು ಕಂಡೊಡನೆ ಮೊಣಕಾಲೂರಿ ಮಾತಾಡಿಸಿದ ಟೀಚರ್. ನನಗಂತೂ ಅಲ್ಲೇ ಮನಸ್ಸು ನಿಂತಿತು. ಅವನು ಕಿಟಕಿಯಿಂದ ಹೊರಗೆ ಇಣುಕಿ ಬೇಡವೆಂದು ತಲೆಯಾಡಿಸಿಬಿಟ್ಟ. ಎರಡನೆಯ ನರ್ಸರಿ ಎರಡು ಬಸ್ಸು ಹತ್ತಿ ಹೋಗಬೇಕಾದ ಜಾಗದಲ್ಲಿ. ಸುಣ್ಣ ಕಿತ್ತ ಗೋಡೆ, ಬಣ್ಣ ಹೋದ ಜಾರುಬಂಡೆ. ಅವನು ತರಗತಿಯೊಳಗೆ ಕಾಲೇ ಇಡಲಿಲ್ಲ. ಅಂಗಳದ ನಡುವೆ ನಿಂತು ಕತ್ತು ಮೇಲೆತ್ತಿದ. ಟೀಚರನ್ನು ಕೇಳಿದ್ದೂ ಒಂದೇ ಪ್ರಶ್ನೆ, ಮಕ್ಕಳನ್ನು ಹೊರಗೆ ಬಿಡುವುದು ಎಷ್ಟು ಹೊತ್ತಿಗೆ ಎಂದು. ನನಗೆ ಪಿತ್ತ ನೆತ್ತಿಗೇರಿತು.

“ಏನಪ್ಪಾ, ಶಾಲೆ ನೋಡೋಕೆ ಬಂದ್ಯೋ, ಮೋಡ ನೋಡೋಕೆ ಬಂದ್ಯೋ?”

ಅವನು ಬೀದಿಯಾಚೆಯ ತನ್ನ ಕ್ರೇನನ್ನು ತೋರಿಸಿದ. “ಅಲ್ಲಿಂದ ಈ ಅಂಗಳ ಕಾಣುತ್ತೆ ಅಕ್ಕಾ. ಅವಳು ಆಡೋದನ್ನ ನಾನು ನೋಡೇ ಇಲ್ಲ.”

ಅಲ್ಲಿಗೇ ಸೇರಿಸಿದೆವು. ದಿನಾ ಎರಡು ಬಸ್ಸು ಹತ್ತಿಳಿಯುವ ಶಿಕ್ಷೆ ನನ್ನ ತಲೆಗೆ ಬಂತು, ಬಿಡಿ.

ಮೊದಮೊದಲು ಅವನ ಸಂಭ್ರಮ ಹೇಳತೀರದು. ಗುರುತಿಗೆಂದು ಅವಳಿಗೆ ಹಳದಿ ಟೋಪಿ ತಂದುಕೊಟ್ಟ. ಅಂಗಳಕ್ಕೆ ಬಂದ ಕೂಡಲೇ ಅವಳು ಕ್ರೇನಿನತ್ತ ಕೈ ಬೀಸುತ್ತಿದ್ದಳು, ಅವನು ಮೇಲಿನಿಂದ ಬೀಸುತ್ತಿದ್ದ. ಇವತ್ತು ಬಿದ್ದಳು, ತಾನೇ ಎದ್ದಳು ಎಂದು ರಾತ್ರಿ ನಮಗೆ ವರದಿ ಒಪ್ಪಿಸುತ್ತಿದ್ದ. ಅಷ್ಟರಲ್ಲಿ ಕಟ್ಟಡ ಬೆಳೆಯಿತು. ಮಹಡಿ ಏರಿದಂತೆ ಕ್ರೇನನ್ನೂ ಏರಿಸಿದರು. ಫ್ರಾಕುಗಳೆಲ್ಲ ಗಿಡ್ಡವಾಗುತ್ತಿವೆ ಎಂದು ತಂಗಿ ಹೇಳಿದರೆ, ಅವನು, “ನನಗೆ ಮಾತ್ರ ಅವಳು ದಿನೇದಿನೇ ಚಿಕ್ಕವಳಾಗ್ತಿದ್ದಾಳೆ” ಎಂದ. ಕೊನೆಗೆ ಒಂದು ಹಳದಿ ಚುಕ್ಕೆ ಉಳಿಯಿತು. ಅವಳು ಈಗಲೂ ಕೈ ಬೀಸುತ್ತಾಳೋ, ಮರೆತೇಬಿಟ್ಟಳೋ ಎನ್ನುವುದೇ ಅವನಿಗೆ ಕೊರಗು. ಮಗುವನ್ನು ಕೇಳಿದರೆ ಎಲ್ಲಕ್ಕೂ ಹೂಂ ಅನ್ನುವ ವಯಸ್ಸು. ಕಣ್ಣಾರೆ ನೋಡಬೇಕೆಂದು ಸೂಪರ್‌ವೈಸರನ್ನು ಕಾಡಿ ಬೇಡಿ ಒಂದು ದಿನ ರಜೆ ಪಡೆದ.

ಆಟದ ಹೊತ್ತಿಗೆ ನಾವಿಬ್ಬರೂ ಗೇಟಿನ ಹೊರಗಿದ್ದೆವು. ಇಸ್ತ್ರಿ ಮಾಡಿದ ಶರ್ಟು ತೊಟ್ಟು ಮದುಮಗನ ಹಾಗೆ ಬಂದಿದ್ದ. ಮಕ್ಕಳು ಕೂಗುತ್ತ ಹೊರಗೆ ನುಗ್ಗಿದರು. ನಮ್ಮವಳು ಗೇಟಿನ ಕಡೆ ತಿರುಗಲೇ ಇಲ್ಲ. ಅಂಗಳದ ನಡುವೆ ನಿಂತು, ಕತ್ತು ಮೇಲೆತ್ತಿ, ಎರಡೂ ಕೈ ಬೀಸತೊಡಗಿದಳು. ಕ್ರೇನು ಅಲುಗುವ ತನಕ ಅವಳು ಆಟಕ್ಕೇ ಹೋಗುವುದಿಲ್ಲ, ದಿನಾ ಹೀಗೇ ಎಂದು ಟೀಚರ್ ನಕ್ಕರು. ಮೇಲೆ ಯಾರೋ ಬದಲಿ ಆಪರೇಟರ್ ಕೂತಿದ್ದ. ಸ್ವಲ್ಪ ಹೊತ್ತಿಗೆ ಕ್ರೇನಿನ ತೋಳು ತಿರುಗಿತು.

“ಅಪ್ಪ ನೋಡಿದ್ರು,” ಎಂದು ಪಕ್ಕದ ಮಗುವಿಗೆ ಹೇಳಿ ಅವಳು ಕುಣಿಯುತ್ತ ಜಾರುಬಂಡೆಗೆ ಓಡಿದಳು.

ಕರೆಯೋಣವೇ ಎಂದು ಕೇಳಿದೆ. ಬೇಡವೆಂದು ಸನ್ನೆ ಮಾಡಿ ಅವನು ಗೋಡೆಯ ಮರೆಗೆ ಸರಿದ. ಕಣ್ಣು ತುಂಬಿತ್ತು.

“ಇವತ್ತೇ ಕೆಳಗಿಳಿದುಬಿಟ್ನಲ್ಲ ಅಕ್ಕಾ,” ಎಂದ.