ಬಾಗಿಲಿಂದ ಮರಳಿಗೆ ಹದಿನಾಲ್ಕು ಹೆಜ್ಜೆ

ನಾಲ್ಕೈದು ವರ್ಷದ ಹಿಂದೆ, ಬೇಸಿಗೆ ರಜೆಗೆ ಇನ್ನೂ ಒಂದು ತಿಂಗಳಿರುವಾಗಲೇ, ಗ್ಲೆಂಡೇಲಿನ ಮನೆಯಿಂದ ಸ್ಯಾನ್ ಡಿಯೇಗೊವರೆಗೆ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗಿ, ಒಂದು ಹೋಟೆಲಿನ ನಲ್ಲಿ ತಿರುಗಿಸಿ ನೋಡಿ ಬಂದೆ. ನಮ್ಮ ಕಡೆ ಮದುವೆಗೆ ಛತ್ರ ಗೊತ್ತುಮಾಡುವ ಮುಂಚೆ ಮನೆಯ ಹಿರಿಯರೊಬ್ಬರು ಹೋಗಿ ನೀರು, ಒಲೆ, ಬಚ್ಚಲು ನೋಡಿ ಬರುವುದಿಲ್ಲವೇ? ಹಾಗೆ. ಅಮೆರಿಕದಲ್ಲಿ ಇದನ್ನೆಲ್ಲ ಫೋನಿನಲ್ಲೇ ಮುಗಿಸುತ್ತಾರೆಂದು ನನಗೂ ಗೊತ್ತು. ಹಿಂದಿನ ವರ್ಷ ನಾನೂ ಹಾಗೇ ಮುಗಿಸಿದ್ದೆ.

ಮೂರು ಹೊತ್ತೂ ಹೊರಗೆ ತಿಂದರೆ ಮಕ್ಕಳ ಹೊಟ್ಟೆ ಕೆಡುತ್ತದೆಂದು ಹೆದರಿ, ಆ ವರ್ಷ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದೆ: ರೂಮಿನಲ್ಲಿ ಒಲೆ ಇದೆಯೇ? ಇತ್ತು, ನಾಲ್ಕು ಬರ್ನರಿನದು. ಹೋಟೆಲಿನ ಹೆಸರಿನಲ್ಲಿ ಬೀಚ್ ಎಂದೂ ಇತ್ತು. ಸಮುದ್ರ ಮಾತ್ರ ಮಂಚದ ಮೇಲೆ ತೂಗುಹಾಕಿದ್ದ ಚಿತ್ರದಲ್ಲಿತ್ತು. ಕಿಟಕಿಯಾಚೆ ಪಾರ್ಕಿಂಗ್ ಲಾಟ್, ಅದರಾಚೆ ಫ್ರೀವೇ. ಬೇಳೆಸಾರು ಚೆನ್ನಾಗಿಯೇ ಆಯಿತು. ಶಾಲೆ ಶುರುವಾದ ಮೇಲೆ 'ನನ್ನ ರಜೆ' ಎಂದು ಚಿತ್ರ ಬರೆಯಲು ಹೇಳಿದರೆ, ಒಂಬತ್ತು ವರ್ಷದ ಮಗಳು ಪ್ರೆಷರ್ ಕುಕ್ಕರ್ ಬರೆದಳು. ಪಕ್ಕದಲ್ಲಿ ಮೀಸೆಯ ನಾನು, ವಿಷಲ್ ಎಣಿಸುತ್ತಿದ್ದೇನೆ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹಾಲು ತೆಗೆಯಲು ಹೋದಾಗಲೆಲ್ಲ ನನಗೆ ನನ್ನದೇ ದರ್ಶನ.

ಹಾಗಾಗಿ ಮುಂದಿನ ಬೇಸಿಗೆ ಹತ್ತಿರವಾದಾಗ ಮಗಳಿಗೆ ಮಾತು ಕೊಟ್ಟೆ: ಬಾಗಿಲು ತೆರೆದರೆ ಮರಳು.

"ಶ್ಯೂರ್, ಅಪ್ಪ" ಎಂದಳು, ಪುಸ್ತಕದಿಂದ ತಲೆ ಎತ್ತದೆ. ಆ ಒಂದು ಪದದಲ್ಲಿ ನನ್ನ ಮರ್ಯಾದೆಯೆಲ್ಲ ಹೋಯಿತು. ಮರುಶನಿವಾರವೇ ಮಕ್ಕಳನ್ನು ವೆಸ್ಟ್ ಕೊವಿನಾದ ಸ್ನೇಹಿತರ ಮನೆಯಲ್ಲಿ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೊರಟೆ.

ಸಮುದ್ರದಂಡೆಯ ಎರಡಂತಸ್ತಿನ ಆ ಬಿಳಿ ಹೋಟೆಲನ್ನು ನಡೆಸುತ್ತಿದ್ದವರು ಒಬ್ಬ ಮುದುಕಿ. ನಾನು ಬಿಸಿನೀರು ಬಿಟ್ಟೆ, ಚಿಲಕ ಹಾಕಿ ತೆಗೆದೆ, ಮಂಚದ ಕೆಳಗೆ ಬಗ್ಗಿ ನೋಡಿದೆ.

"ನೀವು ಹೆಲ್ತ್ ಡಿಪಾರ್ಟ್‌ಮೆಂಟಿನವರೇ?" ಎಂದು ಆಕೆ ಕೇಳಿದರು.

"ಅಲ್ಲ, ಇಬ್ಬರು ಮಕ್ಕಳ ತಂದೆ."

"ಅದು ಇನ್ನೂ ಕಷ್ಟ."

ಭರತದ ಸಮಯದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದೆ. "ಮೂವತ್ತು ವರ್ಷದಿಂದ ಇಲ್ಲಿದ್ದೇನೆ. ಸಮುದ್ರ ಒಂದು ಸಲವೂ ಒಳಗೆ ಬಂದು ರೂಮು ಕೇಳಿಲ್ಲ" ಎಂದರು.

ಹೆಂಡತಿ ಬಾಗಿಲಿಗೊರಗಿ ನಗುತ್ತಿದ್ದಳು. "ರೀ, ನನ್ನನ್ನ ನೋಡೋಕೆ ಬಂದಾಗ್ಲೂ ಇಷ್ಟು ವಿಚಾರಿಸಿರ್ಲಿಲ್ಲವಲ್ಲ!"

ನಾನು ಹೊಸ್ತಿಲಿಂದ ಮರಳಿನವರೆಗೆ ನಡೆದು ಎಣಿಸಿದೆ. ಹದಿನಾಲ್ಕು ಹೆಜ್ಜೆ. ಎದೆ ಉಬ್ಬಿತು. ವಾಪಸ್ ಬಂದು ಸುತ್ತ ನೋಡಿದರೆ, ರೂಮಿನಲ್ಲಿ ಒಲೆಯೇ ಇಲ್ಲ.

"ಒಲೆ ಇರುವ ರೂಮುಗಳು ಹಿಂದಿನ ಸಾಲಿನಲ್ಲಿ. ಪಾರ್ಕಿಂಗ್ ಲಾಟಿನ ಕಡೆ" ಎಂದರು ಮುದುಕಿ.

ಕಾಲು ತಾನಾಗಿ ಹಿಂದಿನ ಸಾಲಿನತ್ತ ಹೊರಟಿತು. ಅಲ್ಲಿಂದಲೂ ಮರಳಿಗೆ ಮಹಾ ಎಂದರೆ ಅರವತ್ತು ಹೆಜ್ಜೆ, ಮಕ್ಕಳ ಹೊಟ್ಟೆಗೂ ಕ್ಷೇಮ ಎಂದು ಮನಸ್ಸು ಆಗಲೇ ವಕಾಲತ್ತು ಶುರುಮಾಡಿತ್ತು.

"ಒಲೆ ಮನೇಲೂ ಇದೆ ಕಣ್ರೀ" ಎಂದಳು ಹೆಂಡತಿ. "ಇಲ್ದೆ ಇರೋದು ಸಮುದ್ರ. ಆಮೇಲೆ ನಿಮ್ಮಿಷ್ಟ."

ಅಲ್ಲೇ ನಿಂತೆ. ಫ್ರಿಜ್ಜಿನ ಮೇಲಿನ ಆ ಮೀಸೆಯವನು ಕಣ್ಣ ಮುಂದೆ ಬಂದ. ಚಿಕ್ಕಂದಿನಲ್ಲಿ ಮೈಸೂರಿನಿಂದ ಕಾಶಿಯವರೆಗೆ ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ಹೋಗಿದ್ದೆವು. ದಾರಿಯುದ್ದಕ್ಕೂ ಒಲೆ ಯಾರು ಕಂಡಿದ್ದರು? ಯಾರ ಹೊಟ್ಟೆ ಕೆಟ್ಟಿತ್ತು?

"ಮುಂದಿನ ಸಾಲಿನ ರೂಮೇ ಕೊಡಿ" ಎಂದೆ. ದನಿ ನನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ರಜೆ ಬಂತು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಐಸ್ ಪೆಟ್ಟಿಗೆಯಲ್ಲಿ ಮೊಸರು ತುಂಬಿಕೊಂಡು ಹೊರಟೆವು. ಹದಿನಾಲ್ಕೇ ಹೆಜ್ಜೆ ಎಂದು ಮಗಳಿಗೆ ಮೊದಲೇ ಹೇಳಿಟ್ಟಿದ್ದರಿಂದ, ನಮ್ಮ ರೂಮನ್ನು ಬೇರೆಯವರಿಗೆ ಕೊಟ್ಟಿದ್ದರೆ ಎಂದು ದಾರಿಯುದ್ದಕ್ಕೂ ಸಂಕಟಪಟ್ಟೆ. "ಇನ್ಸ್‌ಪೆಕ್ಟರ್ ಸಾಹೇಬರು ಬಂದರು!" ಎಂದು ಮುದುಕಿ ಬೀಗದ ಕೈ ಕೊಟ್ಟರು. ಮಗಳು ರೂಮಿಗೆ ಬಂದವಳೇ ಮೊದಲು ಗೋಡೆ ನೋಡಿದಳು. ಅಲ್ಲಿ ಯಾವ ಚಿತ್ರವೂ ಇರಲಿಲ್ಲ. ನಾನು ಸಮುದ್ರದ ಕಡೆಯ ಬಾಗಿಲು ತೆರೆದೆ.

ಆರು ವರ್ಷದ ಮಗ ಕಿರುಚಿಕೊಂಡೇ ಓಡಿದ. ಮಗಳು ಒಂದು ಗಳಿಗೆ ನಿಂತು ನನ್ನ ಮುಖ ನೋಡಿದಳು. ಆಮೇಲೆ ಅವಳೂ ಹಾರಿದಳು. ಮರಳಿನಿಂದಲೇ ತಿರುಗಿ ಕೂಗಿದಳು: "ಅಪ್ಪಾ! ಓನ್ಲಿ ನೈನ್! ಯು ಸೆಡ್ ಫೋರ್ಟೀನ್!"

"ನಾನು ನಡೆದಿದ್ದೆ ಕಣೇ, ನೀನು ಹಾರಿದೆ!"

ಕೇಳಿಸಿಕೊಳ್ಳಲು ಅವಳು ಅಲ್ಲಿದ್ದರೆ ತಾನೆ. ನಾನು ಲಾಟರಿ ಹೊಡೆದವನ ಹಾಗೆ ಹೊಸ್ತಿಲ ಮೇಲೆ ಕೂತು ಪುಳಿಯೋಗರೆ ತಿಂದೆ.

ಈಗ ಫ್ರಿಜ್ಜಿನ ಮೇಲೆ ಬೇರೆ ಚಿತ್ರವಿದೆ. ಕಾಗದ ಪೂರ್ತಿ ನೀಲಿ. ಮೂಲೆಯಲ್ಲಿ ಪ್ಯಾಂಟು ಮಡಚಿಕೊಂಡು ಮೀಸೆಯವನೊಬ್ಬ ನಿಂತಿದ್ದಾನೆ, ಬೆರಳು ಚಾಚಿ ಎಣಿಸುತ್ತಿದ್ದಾನೆ, ನೀರಿನಲ್ಲಿರುವ ಮಕ್ಕಳ ತಲೆಗಳನ್ನು. ಇರುವುದು ಎರಡೇ.